ಕಪ್ಪು ಹುರಿ

"ಆ ಸಾಲು ಬಿಟ್ಟು ಈ ಕಡೆ ಬಾ!"

ಬೋಗ್ನಾಳ ದನಿಗೆ ತಪಾಸಣೆಯ ಗುಡಾರವೆಲ್ಲ ಒಮ್ಮೆಲೇ ತಿರುಗಿ ನೋಡಿತು.

ಪಕ್ಕದ ಮೇಜಿನ ಸಾಲಿನಲ್ಲಿ ಕೊನೆಯವನಾಗಿ ನಿಂತಿದ್ದವನು ತಲೆ ಎತ್ತಲಿಲ್ಲ. ಕಂಕುಳಲ್ಲಿ ಗೋಣಿಬಟ್ಟೆಯಲ್ಲಿ ಸುತ್ತಿದ ಏನೋ ಒಂದನ್ನು ಮಗುವಿನಂತೆ ಅವಚಿಕೊಂಡಿದ್ದ. ಅದೇನು ಎಂದು ಬಟ್ಟೆ ಬಿಚ್ಚದೆಯೇ ಅವಳಿಗೆ ಗೊತ್ತಿತ್ತು.

ತೀಮೊನ್! ಎರಡು ವರ್ಷಗಳ ಮೇಲೆ...

"ಕೇಳಿಸ್ಲಿಲ್ವಾ? ನಿನಗೇ ಹೇಳಿದ್ದು."

"ನಾನು ದಿಯೊನಿಝಿ ತಾತನ ಹತ್ರ ತೋರಿಸ್ತೀನಿ," ಎಂದ ಅವನು ಮೆಲ್ಲಗೆ.

"ತಾತನಿಗೆ ಕಣ್ಣು ಮಂಜು. ಅದಕ್ಕೇ ಅಲ್ವಾ ಆ ಸಾಲು?"

"ಏ ಹುಡುಗಿ, ನನ್ನ ಕಣ್ಣಿನ ಸುದ್ದಿಗೆ ಬರಬೇಡ," ಎಂದು ಮುದುಕ ದಿಯೊನಿಝಿ ಗೊಣಗಿದ. "ನಿನ್ನಪ್ಪನ ಮೊದಲ ಈಟಿಗೆ ಮುದ್ರೆ ಹಾಕಿದವನು ನಾನು!" ಯಾರೋ ನಗಲು ಹೋಗಿ ಬೋಗ್ನಾಳ ಮುಖ ನೋಡಿ ನುಂಗಿಕೊಂಡರು.

ವಾರ್ಮಿಯಾ ಸೀಮೆಯ ದೊಂಬ್ರೂವ್ಕಾ ಮೈದಾನದಲ್ಲಿ ಪ್ರತಿ ಜುಲೈಯಲ್ಲೂ ಹೀಗೇ. ವಾರ್ಸಾದಲ್ಲಿ ಬಸ್ಸು ಓಡಿಸುವವರು, ಹಲ್ಲು ಕೀಳುವವರು, ಅಂಚೆ ಹಂಚುವವರು ಒಂದು ವಾರದ ಮಟ್ಟಿಗೆ ಆರುನೂರು ವರ್ಷ ಹಿಂದಕ್ಕೆ ಹೋಗಿ, ಆಗಿನ ಕಾಳಗವೊಂದನ್ನು ಆಡಿ ತೋರಿಸಲು ಗುಡಾರ ಹೂಡುತ್ತಾರೆ. ಕಾಳಗದ ದಿನ ಪ್ರತಿ ಕವಚವೂ ತಪಾಸಣೆಯ ಮೇಜಿಗೆ ಬರಬೇಕು. ಹಳೆಯ ಕಾಲಕ್ಕೆ ಸರಿಯಾಗಿದೆಯೇ, ಹೊಡೆತ ತಡೆಯುತ್ತದೆಯೇ ಎಂದು ನೋಡಿ ಸೀಸದ ಮುದ್ರೆ ಹಾಕಿದರೆ ಮಾತ್ರ ಮೈದಾನ. ಇಲ್ಲದಿದ್ದರೆ ಹಗ್ಗದ ಆಚೆ ನಿಂತು ನೋಡಬೇಕು.

ತಮ್ಮ ಕೊಸ್ಮಾ ಸತ್ತ ಮೇಲೆ ಬೋಗ್ನಾ ಈ ಮೇಜನ್ನು ತಾನೇ ಕೇಳಿ ಪಡೆದಿದ್ದಳು. ಒಂದೊಂದು ಮೊಳೆಯನ್ನೂ ಜಗ್ಗಿ ನೋಡುತ್ತಿದ್ದಳು. ಶಿಬಿರದವರು ಹಿಂದಿನಿಂದ ಅವಳನ್ನು ಕಲ್ಲಿನ ಬೋಗ್ನಾ ಎನ್ನುತ್ತಿದ್ದರು. ಅವಳಿಗೆ ಗೊತ್ತಿತ್ತು. ಅಭ್ಯಂತರವಿರಲಿಲ್ಲ.

ತೀಮೊನ್ ಬಂದು ಗೋಣಿಬಟ್ಟೆ ಬಿಚ್ಚಿದ.

ಕೊಸ್ಮಾನ ಶಿರಸ್ತ್ರಾಣ... ಮೊನಚು ತಲೆಯ, ಮುಖಕ್ಕೆ ಮುಚ್ಚಳವಿರುವ ಉಕ್ಕಿನ ಟೋಪಿ. ಅದರ ಕೆಳಗೆ ಕೊರಳು, ಭುಜ ಮುಚ್ಚುವ ಬಳೆಬಳೆಯ ಜಾಲರಿ. ಎಡಗಡೆ ಇನ್ನೂ ಆ ಹೊಡೆತದ ತಗ್ಗು ಹಾಗೇ ಇತ್ತು.



"ನಾಚಿಕೆ ಆಗಲ್ವಾ ನಿನಗೆ?"

"ನಿನ್ನಪ್ಪ ಬರಹೇಳಿದ್ರು. ಮೂರನೇ ಬೇಸಿಗೆ ಇದು."

ಹೌದು, ಒಟ್ಟಿಗೆ ಕಾಳಗಕ್ಕೆ ಇಳಿಯುವ ಅವರ ಬಳಗದ ಪದ್ಧತಿ. ಸತ್ತವನ ಶಿರಸ್ತ್ರಾಣ ಮೂರನೇ ಬೇಸಿಗೆಯಲ್ಲಿ ಒಮ್ಮೆ ಮೈದಾನಕ್ಕೆ ಬರಬೇಕು. ಮಾಡಿದ ಕಮ್ಮಾರನೇ, ಈ ಸಲ ತೀಮೊನ್, ಅದನ್ನು ತೊಡಬೇಕು. ಮೊದಲ ನುಗ್ಗಾಟದಲ್ಲೇ ಬಿದ್ದು, ಕಾಳಗ ಮುಗಿಯುವವರೆಗೂ ಆಕಾಶ ನೋಡುತ್ತ ಮಲಗಿರಬೇಕು. ಆಮೇಲೆ ಬಳಗದವರು ಬಂದು ಎತ್ತಿದರೆ ಸತ್ತವನ ಋಣ ತೀರಿದಂತೆ.

ಬಳಗದ ಯಜಮಾನ ಲುದ್ವಿಕ್ ಅವಳ ತಂದೆ. ಮಗನನ್ನು ಕೊಂದ ಕೈಯನ್ನೂ ಪದ್ಧತಿಗಾಗಿ ಕರೆದಿದ್ದ. ಒಂದೇ ಸಾಲಿನ ಕಾಗದ, ಕೆಳಗೆ ಸಹಿ ಕೂಡ ಇಲ್ಲ.

"ಮಲಗಿ ಎದ್ದ ಮೇಲೆ ಹೊರಟುಹೋಗ್ತೀನಿ," ಎಂದ ತೀಮೊನ್. "ಮುದ್ರೆ ಹಾಕು ಬೋಗ್ನಾ. ಕೊಸ್ಮಾಗೋಸ್ಕರ."

ಅವನ ಹೆಸರು ಆ ಬಾಯಲ್ಲಿ! ಮೇಜು ತಲೆಕೆಳಗು ಮಾಡಿಬಿಡಬೇಕು ಎನ್ನಿಸಿತು ಅವಳಿಗೆ.

ಕೊಸ್ಮಾ ಸತ್ತ ವರ್ಷ ಶರತ್ಕಾಲದಲ್ಲಿ ಅವಳಿಗೂ ತೀಮೊನ್‌ಗೂ ಮದುವೆಯಾಗಬೇಕಿತ್ತು. ಕಾಳಗದ ನಡುವೆ ಎದುರಾಳಿಯ ಉದ್ದ ಹಿಡಿಯ ಕೊಡಲಿ ಶಿರಸ್ತ್ರಾಣದ ಎಡಗಡೆಗೆ ತಗುಲಿ ಜಾರಿ ಕೊಸ್ಮಾನ ಕೊರಳಿಗೆ ಬಡಿದಾಗ ಅಲ್ಲಿ ಜಾಲರಿ ಇರಲಿಲ್ಲ, ಕಳಚಿ ಭುಜದ ಮೇಲೆ ಜೋತುಬಿದ್ದಿತ್ತು. ನಾಲ್ಕು ದಿನ ಆಸ್ಪತ್ರೆಯಲ್ಲಿ ಮಾತಿಲ್ಲದೆ ಮಲಗಿ ಅವನು ಹೋದ. ಹೂಳಿ ಬಂದ ಸಂಜೆ ತೀಮೊನ್ ಎಲ್ಲರೆದುರು ನಿಂತು ಹೇಳಿದ್ದ: 'ಜಾಲರಿ ಹಿಡಿಯೋ ಕೊಂಡಿಗಳನ್ನ ನಾನು ಸರಿಯಾಗಿ ಬಡಿದಿರ್ಲಿಲ್ಲ. ಕಿತ್ತುಬಂದವು. ತಪ್ಪು ನನ್ನದು.'

ತಾನೇ ಒಪ್ಪಿಕೊಂಡವನ ಮುಂದೆ ಸಾಕ್ಷಿ ಕೇಳುವವರು ಯಾರು? ತನಿಖೆಯವರು ಅಪಘಾತ ಎಂದು ಬರೆದು ಹೋದರು. ಲುದ್ವಿಕ್ ಬಾಗಿಲು ತೋರಿಸಿದ. ಬೋಗ್ನಾ ಮತ್ತೆ ತೀಮೊನ್‌ನ ಮುಖ ನೋಡಲಿಲ್ಲ.

"ತಪಾಸಣೆ ಮಾಡದೆ ಮುದ್ರೆ ಹಾಕಲ್ಲ. ಯಾರಿಗೋಸ್ಕರಾನೂ."

ಶಿರಸ್ತ್ರಾಣವನ್ನು ಎಳೆದುಕೊಂಡಳು. ಅಂಚಿನುದ್ದಕ್ಕೂ ಸಾಲಾಗಿ ಕೊಂಡಿಗಳು. ಜಾಲರಿಯ ತೊಗಲಪಟ್ಟಿಯ ತೂತುಗಳಿಂದ ಕೊಂಡಿಗಳು ಹೊರಬರುತ್ತವೆ, ಅವುಗಳೊಳಗೆ ಹುರಿಯೋ ತಂತಿಯೋ ಪೋಣಿಸಿದರೆ ಜಾಲರಿ ನಿಲ್ಲುತ್ತದೆ. ಈಗ ಹೊಳೆಯುವ ಹಿತ್ತಾಳೆ ತಂತಿ ಇತ್ತು. ಆಗ ಇದ್ದದ್ದು ಹುರಿ. ಅಗಸೆ ನಾರಿನದು.

ಒಂದೊಂದೇ ಕೊಂಡಿಯನ್ನು ಉಗುರಲ್ಲಿ ಹಿಡಿದು ಜಗ್ಗಿದಳು. ಒಂದು... ಎರಡು... ಒಂಬತ್ತು... ಇಪ್ಪತ್ತು. ಯಾವುದೂ ಮಿಸುಕಲಿಲ್ಲ. ಇನ್ನೊಮ್ಮೆ ನೋಡಿದಳು.

ಎಲ್ಲವೂ ಹಳೆಯವು. ಒಂದೇ ಬಣ್ಣ, ಒಂದೇ ಸುತ್ತಿಗೆಯ ಗುರುತು. ಒಂದನ್ನೂ ಬದಲಾಯಿಸಿರಲಿಲ್ಲ.

"ಕಿತ್ತುಬಂದ ಕೊಂಡಿ ಯಾವುದು?"

ತೀಮೊನ್ ಗೋಣಿಬಟ್ಟೆ ಮಡಚತೊಡಗಿದ.

"ಕಿತ್ತುಬಂದಿದ್ದು ಯಾವುದು ಅಂತ ಕೇಳ್ದೆ!"

"ಬೋಗ್ನಾ... ಮುದ್ರೆ ಹಾಕು ಸಾಕು. ದಮ್ಮಯ್ಯ."

ಅವಳು ತೊಗಲಪಟ್ಟಿಯನ್ನು ಮಡಚಿ ಹಿಂಬದಿ ನೋಡಿದಳು. ಕೊಂಡಿಯ ಬುಡದಲ್ಲಿ ಒಂದು ಚೂರು ಕಪ್ಪು ನಾರು ಸಿಕ್ಕಿಕೊಂಡಿತ್ತು. ಬೆರಳಲ್ಲಿ ಎತ್ತಿ ಹೊಸಕಿದಳು.

ಪುಡಿಯಾಯಿತು.



ಆ ಹುರಿಯನ್ನು ನೂತು ಹೊಸೆದವಳು ಅವಳೇ. ಊರ ಶಾಲೆಯಲ್ಲಿ ಇತಿಹಾಸ ಪಾಠ ಹೇಳಿ, ರಜೆಯಲ್ಲಿ ಹಳೆಯ ಬಟ್ಟೆಬರೆಯ ವಿಷಯ ಹುಡುಕುತ್ತ ಅಲೆಯುವುದು ಅವಳ ಹುಚ್ಚು. 'ತಂತಿ ಗಟ್ಟಿ' ಎಂದಿದ್ದ ತೀಮೊನ್. 'ಗಟ್ಟಿ ಅಂತ ನಮ್ಮ ಕಾಲದ ಬುದ್ಧಿ ತುರುಕಬೇಡ. ಕೆರೆಯಲ್ಲಿ ಸಿಕ್ಕ ಆ ಹಳೇ ಶಿರಸ್ತ್ರಾಣದಲ್ಲಿ ನಾರಿತ್ತು, ಕಪ್ಪು ನಾರು!' ಎಂದು ಮೂರು ದಿನ ಜಗಳವಾಡಿದ್ದಳು. ಅದೇ ಕಪ್ಪು ಬರಲೆಂದು ಓಕ್ ಮರದ ಕಾಯಿಗಂಟುಗಳನ್ನು ತುಕ್ಕುಮೊಳೆಗಳ ಜೊತೆ ಕುದಿಸಿ, ಹಳೆಯ ವಿಧಾನದಲ್ಲೇ ಬಣ್ಣ ಅದ್ದಿದ್ದಳು. ಎಷ್ಟು ಚೆನ್ನಾಗಿ ಬಂದಿತ್ತು! ಕೊಸ್ಮಾ ಅವಳನ್ನೇ ಎತ್ತಿ ಕುಣಿಸಿದ್ದ. 'ಅಕ್ಕ, ಆ ಕಾಲದವರು ನೋಡಿದ್ರೂ ನಮ್ಮದೇ ಅಂತ ಕದೀತಿದ್ರು!'

ಕಳೆದ ಚಳಿಗಾಲ ಒಂದು ಮಠದಲ್ಲಿ ಹಳೆಯ ಕಸೂತಿ ನೋಡಿದ್ದಳು. ಕೆಂಪು, ನೀಲಿ ಎಲ್ಲ ಉಳಿದಿದ್ದವು. ಕಪ್ಪು ಇದ್ದ ಕಡೆ ಬರೀ ಸೂಜಿತೂತು. 'ತುಕ್ಕಿನ ಕಪ್ಪು ನಾರನ್ನ ಒಳಗಿಂದ ತಿನ್ನುತ್ತಮ್ಮ,' ಎಂದಿದ್ದಳು ಅಲ್ಲಿಯ ಮುದಿ ಸನ್ಯಾಸಿನಿ. ಬೋಗ್ನಾ ಅದನ್ನು ಪುಸ್ತಕದಲ್ಲಿ ಬರೆದುಕೊಂಡಿದ್ದಳು. ತನ್ನ ಹುರಿಯ ನೆನಪು ಬಂದಿರಲಿಲ್ಲ.

ಬಂದಿರಲಿಲ್ಲವೋ... ಬರಲು ಬಿಟ್ಟಿರಲಿಲ್ಲವೋ...

ಅವಳು ಎದ್ದು ಗುಡಾರದ ಹಿಂದಕ್ಕೆ ನಡೆದಳು. ಅಲ್ಲಿ ರೈ ಧಾನ್ಯದ ಹೊಲದ ಅಂಚಿನಲ್ಲಿ ನೆಲದ ಮೇಲೆ ಕೂತಳು.

ತೀಮೊನ್ ಬಂದು ಎರಡು ಮಾರು ದೂರ ನಿಂತ.

"ಹುರಿ ಕಿತ್ತಿದ್ದು. ಅಲ್ವಾ?"

ತೀಮೊನ್ ಹೊಲದ ಕಡೆ ಮುಖ ತಿರುಗಿಸಿದ.

"ಈಗಲೂ ಬಾಯಿ ಬಿಡಲ್ವಾ ನೀನು!"

"ಹೂಂ. ಹುರಿ." ಅವನು ಅವಳ ಕಡೆ ತಿರುಗಿದ. "ಓಡ್ತಾ ಇರುವಾಗ ಜಾಲರಿ ಜಾರಿದ್ದು ಕೊಸ್ಮಾಗೆ ಗೊತ್ತಾಗಿತ್ತು. ಮೂರನೇ ದಿನ ನೀನು ಆಸ್ಪತ್ರೆಯ ಪಡಸಾಲೆಯಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದೆ. ಅವನು ನನ್ನ ಅಂಗೈ ಎಳ್ಕೊಂಡು ಬೆರಳಲ್ಲಿ ಬರೆದ... 'ಅಕ್ಕನಿಗೆ ಬೇಡ'. ಅಷ್ಟೇ. ನಾನು ಹೂಂ ಅಂದೆ."

ಬೋಗ್ನಾ ಮುಷ್ಟಿ ಕಚ್ಚಿಕೊಂಡಳು. ಅಳು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

"ನಿನ್ನನ್ನ ದ್ವೇಷಿಸೋಕೆ ಬಿಟ್ಟೆಯಲ್ಲೋ ನನ್ನನ್ನ! ದಿನಾ ಬೆಳಗಾದ್ರೆ ಶಾಪ ಹಾಕ್ತಿದ್ದೆ ನಿನಗೆ..."

"ಗೊತ್ತಿತ್ತು."

"ಯಾರು ಕೊಟ್ರು ನಿನಗೆ ಆ ಹಕ್ಕು?"

"ಯಾರೂ ಇಲ್ಲ. ನನ್ನ ಮೇಲಿನ ಸಿಟ್ಟು ಹೊತ್ಕೊಂಡು ನೀನು ಬದುಕ್ತೀಯ ಅನ್ನಿಸ್ತು. ಇನ್ನೊಂದನ್ನ ಹೊತ್ರೆ... ಬದುಕಲ್ಲ ಅನ್ನಿಸ್ತು."

ಹೊಲದ ಮೇಲೆ ಗಾಳಿ ಬೀಸಿ ನಿಂತಿತು.

"ಹಳೇ ಕೊಂಡಿಗಳನ್ನ ಯಾಕೆ ತೆಗೀಲಿಲ್ಲ? ಹೊಸದು ಬಡಿದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ."

"ಸುತ್ತಿಗೆ ಹಿಡಿದು ಕೂತೆ. ಕೈ ಬರ್ಲಿಲ್ಲ. ಅವನ ಬೆವರಿದೆ ಅದರಲ್ಲಿ."

ಬೋಗ್ನಾ ಥಟ್ಟನೆ ತಲೆ ಎತ್ತಿದಳು. "ತೀಮೊನ್! ಆ ಹುರಿಯಿಂದಾನೇ ಇನ್ನೂ ಐದು ಜನಕ್ಕೆ..."

"ನಾಲ್ಕು ಜನರದ್ದು ಆ ಚಳಿಗಾಲದಲ್ಲೇ ಬದಲಾಯಿಸಿದೆ. ನನ್ನ ಕೊಂಡಿ ಸರಿಯಿಲ್ಲ ಅಂತ ಹೇಳಿ ಮನೆಮನೆಗೆ ಹೋಗಿದ್ದೆ. ಒಬ್ಬ ಮುಖಕ್ಕೆ ಉಗುಳಿದ. ಆದ್ರೂ ಶಿರಸ್ತ್ರಾಣ ಕೊಟ್ಟ. ಐದನೇದು ನಿನ್ನಪ್ಪನದು. ಬಾಗಿಲು ತೆಗೀಲಿಲ್ಲ. ಅವರು ಇನ್ನು ಮೈದಾನಕ್ಕೆ ಇಳಿಯಲ್ಲ ಅಂತ ಕೇಳಿ ಸುಮ್ಮನಾದೆ. ಇವತ್ತು ಇಳೀತಾರಂತೆ."

ಹೌದು! ಮಗ ಹೋದ ಮೇಲೆ ಮೊದಲ ಸಲ ಅಪ್ಪ ಇಳಿಯುತ್ತಿದ್ದ. ಬೆಳಗ್ಗೆಯೇ ದಿಯೊನಿಝಿ ತಾತ ಆ ಶಿರಸ್ತ್ರಾಣಕ್ಕೆ ಮುದ್ರೆ ಹಾಕಿದ್ದೂ ಆಗಿತ್ತು. ಇನ್ನೊಂದು ಗಂಟೆಗೆ ಕಹಳೆ.

"ನನ್ನ ಜೇಬಲ್ಲಿ ತಂತಿ ಇದೆ," ಎಂದ ತೀಮೊನ್. "ಏನಾದ್ರೂ ನೆಪ ಹೇಳಿ ಅದನ್ನ ಇಲ್ಲಿಗೆ ತಗೊಂಡು ಬಾ. ಬದಲಾಯಿಸಿ ಕೊಡ್ತೀನಿ. ಯಾರಿಗೂ ಗೊತ್ತಾಗೋದು ಬೇಡ. ನಾನು ಹೇಗೂ ಹೊರಟುಹೋಗ್ತೀನಲ್ಲ."

ಎಷ್ಟು ಸುಲಭ! ಒಂದು ನೆಪ ಸಾಕು. ಅವಳು ಕಲ್ಲಿನ ಬೋಗ್ನಾ ಆಗಿಯೇ ಉಳಿಯಬಹುದು. ಅಪ್ಪನ ಮುಂದೆ, ಊರಿನ ಮುಂದೆ, ತಮ್ಮನ ಸಮಾಧಿಯ ಮುಂದೆ...

ಅವಳು ಎದ್ದು ಸ್ಕರ್ಟಿನ ಮಣ್ಣು ಕೊಡವಿದಳು.

"ನನ್ನ ಹಿಂದೆ ಬಾ."

"ಬೋಗ್ನಾ, ಬೇಡ! ಮಾತು ಕೊಟ್ಟಿದ್ದೀನಿ ಅವನಿಗೆ."

"ಕೊಟ್ಟಿದ್ದು ನೀನು. ನಾನು ಕೊಟ್ಟಿಲ್ಲ."

ಬಳಗದವರು ಲಿಂಡನ್ ಮರದ ನೆರಳಿನಲ್ಲಿ ಹಂದಿಕೊಬ್ಬು ಸವರಿದ ರೊಟ್ಟಿ, ಉಪ್ಪಿನ ಸೌತೆಕಾಯಿ ತಿನ್ನುತ್ತಿದ್ದರು. ತೀಮೊನ್‌ನನ್ನು ಕಂಡು ಮಾತು ನಿಂತಿತು.

"ಇವನಿಗೆ ಊಟದ ಜಾಗಕ್ಕೆ ಬಾ ಅಂದೋರ್ಯಾರು?" ಎಂದ ಲುದ್ವಿಕ್, ಮುಖ ತಿರುಗಿಸದೆ.

"ನಾನು. ಅಪ್ಪ, ನಿನ್ನ ಶಿರಸ್ತ್ರಾಣ ಕೊಡು."

"ಮುದ್ರೆ ಬಿದ್ದಿದೆಯಲ್ಲ."

"ಕೊಡಪ್ಪ."

ಲುದ್ವಿಕ್ ಕೊಟ್ಟ. ಬೋಗ್ನಾ ಕಪ್ಪು ಹುರಿಯ ಕೆಳಗೆ ಒಂದು ಬೆರಳು ತೂರಿಸಿ ಎಳೆದಳು. ಬಲ ಬೇಕಾಗಲೇ ಇಲ್ಲ. ಒಣಹುಲ್ಲಿನಂತೆ ಲಟಕ್ಕೆಂದಿತು. ಜಾಲರಿ ಝಲ್ಲೆಂದು ಅಪ್ಪನ ಕಾಲ ಬಳಿ ಬಿತ್ತು.

ಯಾರ ಬಾಯಲ್ಲೂ ರೊಟ್ಟಿ ಅಲುಗಲಿಲ್ಲ.

"ಕೊಸ್ಮಾನದ್ದೂ ಹೀಗೇ ಕಿತ್ತಿದ್ದು. ಕೊಂಡಿ ಅಲ್ಲ. ನಾನು ಹೊಸೆದ ಹುರಿ, ನಾನು ಹಾಕಿದ ಬಣ್ಣ. ಇವನು... ಇವನು ಸುಳ್ಳು ಹೇಳಿದ."

ಬೈಯಲಿ, ಹೊಡೆಯಲಿ, ಕಾಳಗದ ಮೈದಾನದಿಂದಲೇ ಓಡಿಸಲಿ ಎಂದು ಕಾದಳು.

ಲುದ್ವಿಕ್ ತುಂಬಾ ಹೊತ್ತು ಆ ಜಾಲರಿಯನ್ನೇ ನೋಡಿದ.

"ಕೊಸ್ಮಾಗೆ ಗೊತ್ತಿತ್ತಾ?"

"ಗೊತ್ತಿತ್ತು," ಎಂದ ತೀಮೊನ್. "ಅಕ್ಕನಿಗೆ ಹೇಳಬೇಡ ಅಂದ."

"ಮಾತೇ ಹೊರಡ್ತಿರ್ಲಿಲ್ಲವಲ್ಲ ಅವನಿಗೆ..."

"ಅಂಗೈ ಮೇಲೆ ಬರೆದ."

ಲುದ್ವಿಕ್ ಎದ್ದ. ತೀಮೊನ್‌ನ ಬಲಗೈಯನ್ನು ಹಿಡಿದು ತಿರುಗಿಸಿದ. ಸುಟ್ಟ ಕಲೆಗಳ ಆ ಅಂಗೈಯಲ್ಲಿ ಈಗಲೂ ಏನೋ ಓದಬಹುದೆಂಬಂತೆ ಕಣ್ಣು ಕಿರಿದು ಮಾಡಿ ನೋಡಿದ. ಆಮೇಲೆ ನೆಲದ ಮೇಲಿನ ಜಾಲರಿ ಎತ್ತಿ ಅದೇ ಕೈಗೆ ಇಟ್ಟ.

"ತಂತಿ ಹಾಕು," ಎಂದ. ಅಷ್ಟೇ ಅಂದ. ಮಗಳ ಪಕ್ಕ ಹಾದುಹೋಗುವಾಗ ಅವನ ಕೈ ಅವಳ ತಲೆಯ ಮೇಲೆ ಒಂದು ಕ್ಷಣ ಭಾರವಾಗಿ ನಿಂತು ಹೋಯಿತು. ಅದು ಕ್ಷಮೆಯೋ ಅಲ್ಲವೋ ಅವಳಿಗೆ ತಿಳಿಯಲಿಲ್ಲ. ಬಹುಶಃ ಅವನಿಗೂ ತಿಳಿದಿರಲಿಲ್ಲ.

ಬೋಗ್ನಾ ಮೇಜಿಗೆ ಮರಳಿ ಎರಡು ಶಿರಸ್ತ್ರಾಣಗಳನ್ನೂ ಮೊದಲಿನಿಂದ ನೋಡಿ, ಎರಡಕ್ಕೂ ತಾನೇ ಸೀಸದ ಮುದ್ರೆ ಒತ್ತಿದಳು.

ಕಹಳೆ ಮೊಳಗಿತು. ಮೊದಲ ನುಗ್ಗಾಟದಲ್ಲೇ ಕೊಸ್ಮಾನ ಶಿರಸ್ತ್ರಾಣ ತೊಟ್ಟವನು ಬಿದ್ದ. ಸುತ್ತ ಉಕ್ಕು ಉಕ್ಕಿಗೆ ಬಡಿಯಿತು, ಧೂಳೆದ್ದಿತು, ಕಾಲುಗಳು ಅವನನ್ನು ದಾಟಿದವು. ಅವನು ಅಲುಗಲಿಲ್ಲ. ಹಗ್ಗದ ಆಚೆ ನಿಂತಿದ್ದ ಬೋಗ್ನಾಳಿಗೆ ಆ ಬಿದ್ದ ದೇಹ ತಮ್ಮನದೋ ಅವನದೋ ಗೊತ್ತಾಗದೆ ಹೋಗುತ್ತಿತ್ತು. ಎಷ್ಟೋ ಸಲ ಕಣ್ಣು ಮುಚ್ಚಿದಳು. ಮುಚ್ಚಿದರೆ ಇನ್ನೂ ಸ್ಪಷ್ಟವಾಗಿ ಕಾಣುತ್ತಿತ್ತು.

ಕಾಳಗ ಮುಗಿಯಿತು. ಇನ್ನು ಬಳಗದವರು ಹೋಗಿ ಎತ್ತಬೇಕು. ಆದರೆ ಯಾರೂ ಹೆಜ್ಜೆ ಎತ್ತಲಿಲ್ಲ. ಎರಡು ವರ್ಷ ಉಗುಳಿದ ಮುಖವನ್ನು ಹೇಗೆ ನೋಡುವುದು? ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡರು.

ಬೋಗ್ನಾ ಹಗ್ಗ ದಾಟಿದಳು.

ಅವನ ಪಕ್ಕ ಮಂಡಿಯೂರಿ ಮುಖದ ಮುಚ್ಚಳ ಮೇಲೆತ್ತಿದಳು. ಧೂಳು, ಬೆವರು, ಅದರ ನಡುವೆ ತೆರೆದ ಎರಡು ಕಣ್ಣು. ಕಣ್ಣಂಚಿನಿಂದ ಕಿವಿಯ ಕಡೆಗೆ ಒದ್ದೆ ಗೆರೆ.

"ಬೋಗ್ನಾ..."

"ಶ್! ಸತ್ತವರು ಮಾತಾಡಬಾರ್ದು. ಎರಡು ವರ್ಷ ಸುಮ್ಮನಿದ್ದೆಯಲ್ಲ, ಇನ್ನೊಂದು ನಿಮಿಷ ಇರು." ಅವಳ ಬೆರಳುಗಳು ಅವನ ಗಲ್ಲದ ಧೂಳು ಒರೆಸಿದವು. "ನನಗೆ ಇದನ್ನ ಹೊತ್ಕೊಂಡು ಬದುಕೋಕೆ ಆಗುತ್ತೋ ಇಲ್ವೋ ಗೊತ್ತಿಲ್ಲ, ತೀಮೊನ್. ಕೊಸ್ಮಾನ ಮುಖ ಇವತ್ತಿನಿಂದ ಬೇರೆ ಥರ ಕನಸಿಗೆ ಬರುತ್ತೆ. ಒಬ್ಬಳೇ ಆದ್ರೆ ಖಂಡಿತ ಆಗಲ್ಲ. ಈ ಸಂಜೆ ನೀನು ಹೊರಟುಹೋಗಬೇಡ."

ಅವನ ಉಕ್ಕಿನ ಕೈಗವಸು ಹುಲ್ಲಿನ ಮೇಲೆ ತಡಕಾಡಿತು. ಅವಳೇ ಅದನ್ನು ಕಳಚಿದಳು. ಬೆತ್ತಲೆ ಅಂಗೈಯನ್ನು ತನ್ನ ಕಡೆಗೆ ತಿರುಗಿಸಿ, ತೋರುಬೆರಳಿನಿಂದ ನಿಧಾನವಾಗಿ ಬರೆದಳು.

ಹಿಂದಿನಿಂದ ಹೆಜ್ಜೆಗಳು ಬಂದವು. ಎಲ್ಲರಿಗಿಂತ ಮುಂದೆ ಲುದ್ವಿಕ್ ಬಾಗಿ, ಸತ್ತವನ ತೋಳಿಗೆ ಕೈ ಹಾಕಿದ.

"ಏನು ಬರೆದೆ?" ಎಂದ ತೀಮೊನ್, ತುಟಿ ಅಲುಗಿಸದೆ. "ಒಂದೂ ತಿಳೀಲಿಲ್ಲ."

"ಪರವಾಗಿಲ್ಲ," ಎಂದಳು ಬೋಗ್ನಾ. "ನಾಳೆ ಮತ್ತೆ ಬರೀತೀನಿ."