ಲೆವೆಲ್‌ಗೆ ಹಿಡಿದ ಕೊಡೆ

"ಇದರಲ್ಲಿ ಒಂದು ಮಿಲಿಮೀಟರೂ ತಪ್ಪಿಲ್ಲ," ಎಂದಳು ಭಾಗ್ಯ.

ಹೊಗಳಿಕೆ ಅಂದುಕೊಂಡು ಮಾದೇಶ ನಗುತ್ತಲೇ ತಲೆಯೆತ್ತಿದ. ಅವಳ ಮುಖ ನೋಡಿದವನು ಪೆನ್ಸಿಲ್ ಕೆಳಗಿಟ್ಟ.

ಮೈಸೂರಿನ ಕಾಲೇಜಿನ ಡ್ರಾಯಿಂಗ್ ಹಾಲ್. ತೊಂಬತ್ನಾಲ್ಕನೇ ಇಸವಿಯ ಮೇ ತಿಂಗಳು. ಸಿವಿಲ್ ಇಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟ್ ಒಪ್ಪಿಸಲು ಇನ್ನು ಐದೇ ದಿನ. ತೆರಕಣಾಂಬಿಯಿಂದ ಎರಡು ಮೈಲಿ ನಡೆದರೆ ಮಾದೇಶನ ಹಳ್ಳಿ. ಆ ಹಳ್ಳಿಗೊಂದು ನೀರಿನ ಟ್ಯಾಂಕು, ಬೀದಿಬೀದಿಗೂ ಪೈಪು. ಅದೇ ಅವರ ಪ್ರಾಜೆಕ್ಟ್.

ಎರಡು ತಿಂಗಳಿಂದ ಅವರಿಬ್ಬರು, ಸಹಪಾಠಿ ನಿಂಗರಾಜು, ಮೂವರೂ ಬಸ್ಸಿನಲ್ಲಿ ಹೋಗಿ ಊರಿನ ಏರುತಗ್ಗು ಅಳೆದಿದ್ದರು. ನಿಂಗರಾಜು ದೂರದಲ್ಲಿ ಅಳತೆಕೋಲು ಹಿಡಿದು ನಿಲ್ಲುವನು. ಭಾಗ್ಯ ಎತ್ತರ ಅಳೆಯುವ ಲೆವೆಲ್‌ನ ದುರ್ಬೀನಿಗೆ ಕಣ್ಣಿಟ್ಟು ಅಂಕಿ ಹೇಳುವಳು. ಅದು ಹಳೆಯ ಯಂತ್ರ, ಎಲ್ಲವೂ ತಲೆಕೆಳಗಾಗಿ ಕಾಣುವಂಥದ್ದು. ಮಾದೇಶ ಅವಳ ಪಕ್ಕದಲ್ಲಿ ನಿಂತು ಬರೆದುಕೊಳ್ಳುವನು, ಬಿಡಿಸಿದ ಕೊಡೆಯ ಹಿಡಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು.

ಯಂತ್ರಕ್ಕೆ ಬಿಸಿಲು ಬಿದ್ದರೆ ಅಳತೆ ಕೆಡುತ್ತದೆ, ಅದಕ್ಕೆ ಕೊಡೆ. ಆದರೆ ಯಂತ್ರವನ್ನು ಎಲ್ಲಿ ನಿಲ್ಲಿಸಿದರೂ ನೆರಳು ಭಾಗ್ಯಳ ಕತ್ತಿನ ಮೇಲೇ ಬೀಳುತ್ತಿತ್ತು. ಒಂದು ಸಲ ಅವಳು ದುರ್ಬೀನಿನಿಂದ ಕಣ್ಣು ತೆಗೆಯದೆ, ಕೊಡೆ ಯಾರಿಗೆ ಎಂದು ಕೇಳಿದ್ದಳು. ಲೆವೆಲ್‌ಗೆ ಎಂದಿದ್ದ ಅವನು, ಅಂಕಿ ಬರೆಯುವ ಗಾಂಭೀರ್ಯದಲ್ಲೇ. ಹಾಗಾದರೆ ಲೆವೆಲ್ ಈಚೆಗೆ ಜಡೆ ಹಾಕಿಕೊಳ್ಳುತ್ತಿದೆ ಎಂದು ನಿಂಗರಾಜು ಆ ತುದಿಯಿಂದಲೇ ಕೂಗಿದ್ದ.

ಕೊನೆಯ ದಿನ ನಿಂಗರಾಜುವಿಗೆ ಜ್ವರ. ಭಾಗ್ಯಳಿಗೆ ಚಾಮರಾಜನಗರದಲ್ಲಿ ಅಕ್ಕನ ನಿಶ್ಚಿತಾರ್ಥ. ಉಳಿದ ದಿಬ್ಬದ ಬೀದಿಯನ್ನು ಊರಿನ ಯಾರನ್ನಾದರೂ ಕರೆದುಕೊಂಡು ತಾನೇ ಮುಗಿಸುತ್ತೇನೆ ಎಂದು ಮಾದೇಶ ಅವಳನ್ನು ಕಳಿಸಿಕೊಟ್ಟಿದ್ದ. ತೆರಕಣಾಂಬಿಯ ಸ್ಟ್ಯಾಂಡಿನಲ್ಲಿ ಬಸ್ಸಿನ ಕಿಟಕಿಯಿಂದ ಕರ್ಚೀಫ್ ಎಸೆದು ಅವಳಿಗೆ ಸೀಟು ಹಿಡಿದದ್ದೂ ಅವನೇ. ಆ ಕರ್ಚೀಫನ್ನು ಅವಳು ಒಗೆದು ಮಡಿಸಿಟ್ಟಿದ್ದಳು. ಇನ್ನೂ ವಾಪಸು ಕೊಟ್ಟಿರಲಿಲ್ಲ.

ಈಗ ಅಳತೆ ಪುಸ್ತಕದಲ್ಲಿ ಆ ದಿನದ ಪುಟ ಅವಳ ಮುಂದಿತ್ತು. ಶಾಲೆಯ ಮೆಟ್ಟಿಲಿನಿಂದ ಹೊರಟು, ಅಳೆಯುತ್ತಾ ಸುತ್ತಿ, ಮತ್ತೆ ಅದೇ ಮೆಟ್ಟಿಲಿಗೆ ಬಂದರೆ ನಾಲ್ಕೋ ಎಂಟೋ ಮಿಲಿಮೀಟರ್ ವ್ಯತ್ಯಾಸ ಇದ್ದೇ ಇರುತ್ತದೆ. ಇಲ್ಲಿ ಸೊನ್ನೆ. ದಿಬ್ಬಕ್ಕೂ ಊರಿನಷ್ಟೇ ಎತ್ತರ. ಆ ದಿಬ್ಬವನ್ನು ಹೆಂಗಸರು ತಲೆಯ ಮೇಲೆ ಕೊಡ ಹೊತ್ತು ಏದುಸಿರಿನಲ್ಲಿ ಹತ್ತುವುದನ್ನು ಅವಳೇ ಕಂಡಿದ್ದಳು.

"ನೀವು ಅಲ್ಲಿಗೆ ಹೋಗೇ ಇಲ್ಲ. ಕೂತಲ್ಲೇ ಬರೆದಿದ್ದೀರಿ."

ಸಿಟ್ಟು ಬಂದಾಗ ಮಾತ್ರ ಅವಳು ಅವನಿಗೆ 'ನೀವು' ಅನ್ನುತ್ತಿದ್ದಳು.

ಗುಂಡ್ಲುಪೇಟೆಯ ಇಂಜಿನಿಯರು ಈ ನಕ್ಷೆಯ ಪ್ರತಿ ಕೇಳಿದ್ದಾರೆ, ಟ್ಯಾಂಕು ನಿಜವಾಗಿಯೂ ಆಗಬಹುದು ಎಂದು ಪ್ರಾಜೆಕ್ಟ್ ನೋಡಿಕೊಳ್ಳುವ ಮಹದೇವಯ್ಯ ಸರ್ ಹೇಳಿರಲಿಲ್ಲವೇ ಎಂದು ಅವಳು ಕೇಳಿದಳು. ಟ್ಯಾಂಕು ಇಷ್ಟೇ ಎತ್ತರವಾದರೆ ಆ ಬೀದಿಗೆ ನೀರು ಹತ್ತುವುದಿಲ್ಲ. ಪೈಪು ಇರುತ್ತದೆ, ನಲ್ಲಿಯೂ ಇರುತ್ತದೆ, ಬರೀ ಗಾಳಿ ಬರುತ್ತದೆ. ಆ ಜನ ಯಾರನ್ನು ಬೈಯಬೇಕು?

"ನನ್ನನ್ನೇ ಬೈತಾರೆ," ಎಂದ ಮಾದೇಶ. "ನಮ್ಮನೆ ಇರೋದೂ ಅಲ್ಲೇ."

ಊರವನಾಗಿ ಒಂದು ದಿನವೂ ಮನೆಗೆ ಕರೆಯಲಿಲ್ಲವೆಂದು ನಿಂಗರಾಜು ಎಷ್ಟು ಸಲ ಛೇಡಿಸಿದ್ದ. ಮನೆ ಆ ಕಡೆ ಎಂದು ಮಾದೇಶ ಸುಮ್ಮನೆ ಕೈ ತೋರಿಸುತ್ತಿದ್ದ. ಆ ಕಡೆ ಅಂದರೆ ಊರಾಚೆ ಎಂದು ಭಾಗ್ಯಳಿಗೆ ಈಗ ಅರ್ಥವಾಯಿತು.

"ಊರಿನೋರು ನಮ್ಮ ಬೀದೀಲಿ ನೀರು ಮುಟ್ಟಲ್ಲ, ಭಾಗ್ಯ. ಅಲ್ಲಿ ಅಳೆದು ನಿಜವಾದ ಎತ್ತರ ಬರೆದ್ರೆ, ಟ್ಯಾಂಕೇ ಬದಲಾಗುತ್ತೆ ಅಂತ ನೀನು ಚೆಕ್ ಮಾಡೋಕೆ ಬರ್ತಿದ್ದೆ. ನಮ್ಮವ್ವ ನೀರು ಕೊಡ್ತಿದ್ಲು. ನೀನು ಬೇಡ ಅಂದ್ಬಿಟ್ರೆ..." ಅವನು ಪೆನ್ಸಿಲನ್ನು ದೂರ ಸರಿಸಿದ. "ಅದನ್ನ ನೋಡೋದಕ್ಕಿಂತ ಸುಳ್ಳು ಬರೆಯೋದೇ ಸುಲಭ ಅನ್ನಿಸ್ತು."

ಭಾಗ್ಯಳ ಕಣ್ಣು ತುಂಬಿತು. ಸಿಟ್ಟು ಮಾತ್ರ ಇಳಿಯಲಿಲ್ಲ, ಇನ್ನೂ ಏರಿತು.

"ಅಂದ್ರೆ ನನ್ನನ್ನೂ ಅಳೆಯದೇ ಬರೆದುಕೊಂಡ್ರಾ?"

ಅವಳು ಪುಸ್ತಕ ಅವನ ಮುಂದೆ ಹಾಕಿ ಹೊರಟುಹೋದಳು. ಬಾಗಿಲ ಬಳಿ ತಿರುಗಿ, ನಾಳೆ ಆರು ಗಂಟೆಯ ಬಸ್ಸು ಎಂದಷ್ಟೇ ಹೇಳಿದಳು.

ಬಸ್ಸಿನಲ್ಲಿ ಅವಳು ಮುಂದೆ, ಅವನು ಹಿಂದೆ. ನಡುವೆ ಲೆವೆಲ್ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡ ನಿಂಗರಾಜು, ಗಡಿ ಕಾಯುವ ಸಿಪಾಯಿಯ ಹಾಗೆ. ದಿಬ್ಬದ ಬುಡದಲ್ಲಿ ಅವಳು ಅಳತೆಕೋಲನ್ನು ಮಾದೇಶನ ಕೈಗೇ ಕೊಟ್ಟಳು. ನಿಮ್ಮ ಮನೆ ಹೊಸ್ತಿಲ ಮೇಲೆ ಹಿಡಿಯಿರಿ ಎಂದಳು. ದಿಬ್ಬ ಹತ್ತಿ ಆ ಮನೆಯ ಎದುರು ಅವಳು ಲೆವೆಲ್ ನಿಲ್ಲಿಸಿದಳು, ಬರೆದುಕೊಳ್ಳಲು ನಿಂಗರಾಜು ನಿಂತ. ಕೊಡೆ ಮಡಿಸಿದ್ದಂತೆಯೇ ನೆಲದ ಮೇಲಿತ್ತು. ಕತ್ತು ಸುಡತೊಡಗಿದಾಗ, ಎರಡು ತಿಂಗಳು ಅದು ಒಂದು ದಿನವೂ ಸುಟ್ಟಿರಲಿಲ್ಲವೆಂಬುದು ಅವಳಿಗೆ ನೆನಪಾಯಿತು.

ಮಾದೇಶನ ತಾಯಿ ಸಣ್ಣಮ್ಮ ಚೊಂಬಿನಲ್ಲಿ ನೀರು ತಂದರು. ಕೊಡುವ ಮೊದಲು ಅವರ ಕೈ ಒಂದು ಗಳಿಗೆ ಹಿಂಜರಿಯಿತು. ಭಾಗ್ಯ ಎರಡೂ ಕೈ ಚಾಚಿ ಚೊಂಬು ತೆಗೆದುಕೊಂಡು ಗಟಗಟನೆ ಕುಡಿದಳು. ಈ ದಿಬ್ಬವನ್ನು ತಲೆಯ ಮೇಲೆ ಹತ್ತಿ ಬಂದ ನೀರು ಅದು. ಒಂದು ಹನಿಯನ್ನೂ ಚೆಲ್ಲಲಿಲ್ಲ.

"ಅದ್ರೊಳ್ಗೆ ಏನ್ ಕಂಡದು ಕಣಮ್ಮಿ?" ಎಂದು ಕೇಳಿದರು ಸಣ್ಣಮ್ಮ.

ಭಾಗ್ಯ ಸರಿದು ಜಾಗ ಬಿಟ್ಟಳು. ಅವರು ಒಂದು ಕಣ್ಣು ಮುಚ್ಚಿ ನೋಡಿ, ಬಾಯಿಗೆ ಸೆರಗು ಇಟ್ಟುಕೊಂಡರು. "ಅಯ್ಯೋ, ನನ್ ಮಗ ತಲೆಕೆಳಗಾಗಿ ನಿಂತವ್ನಲ್ಲವ್ವ."

"ಅವನು ನೆಟ್ಟಗೇ ನಿಂತಿದ್ದಾನೆ, ಅಮ್ಮ," ಎಂದಳು ಭಾಗ್ಯ. "ನೋಡೋ ಗಾಜು ಹಾಗಿದೆ, ಅಷ್ಟೆ."

ಹೊಸ್ತಿಲ ಬಳಿ ಅಳತೆಕೋಲು ಅಲುಗಿತು. ಅವನಿಗೆ ಕೇಳಿಸಿತ್ತು. ಕೋಲು ಅಲುಗಿಸಬೇಡ ಎಂದು ಅವಳು ಗದರಿದಳು, ಮತ್ತೆ ಕಣ್ಣಿಟ್ಟಳು. ಆ ಒಂದು ಅಂಕಿ ಓದಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಬರೆದುಕೊಳ್ಳಲು ಕಾದಿದ್ದ ನಿಂಗರಾಜು ಆಕಾಶ ನೋಡುತ್ತಾ ನಿಂತ.

ಮಧ್ಯಾಹ್ನ ಶಾಲೆಯ ಮೆಟ್ಟಿಲಿಗೆ ವಾಪಸು ಬಂದು ಲೆಕ್ಕ ಕೂಡಿಸಿದರು. ಒಂಬತ್ತು ಮಿಲಿಮೀಟರ್ ವ್ಯತ್ಯಾಸ. ಟ್ಯಾಂಕು ಮೂರು ಮೀಟರ್ ಮೇಲೇಳಬೇಕು. ಬರೆದ ನಕ್ಷೆಗಳನ್ನೆಲ್ಲ ಹೊಸದಾಗಿ ಬರೆಯಬೇಕು, ನಾಲ್ಕು ದಿನದಲ್ಲಿ. ಒಂಬತ್ತು ಎನ್ನುವುದನ್ನು ಭಾಗ್ಯ ಪುಸ್ತಕದಲ್ಲಿ ದಪ್ಪಗೆ ಬರೆದಳು.

ನಿಂಗರಾಜು ಲೆವೆಲ್ ನಿಲ್ಲಿಸುವ ಮುಕ್ಕಾಲಿಯನ್ನು ಹೆಗಲಿಗೇರಿಸಿ ಬಸ್ಸು ಹಿಡಿಯಲು ಮುಂದೆ ಹೋದ. ಬಯಲ ದಾರಿಯಲ್ಲಿ ಒಂದು ಮರವೂ ಇರಲಿಲ್ಲ. ಪೆಟ್ಟಿಗೆ ಹಿಡಿದು ಅವಳ ಪಕ್ಕದಲ್ಲಿ ನಡೆಯುತ್ತಿದ್ದ ಮಾದೇಶ ಸ್ವಲ್ಪ ದೂರ ಹೋದ ಮೇಲೆ ಕೊಡೆ ಬಿಡಿಸಿದ. ನೆರಳು ಅವಳ ಕತ್ತಿನ ಮೇಲೆ ಬಿತ್ತು.

"ಸಿಟ್ಟು ಇನ್ನೂ ಹೋಗಿಲ್ಲ," ಎಂದಳು ಅವಳು, ಮುಂದೆಯೇ ನೋಡುತ್ತಾ.

"ಗೊತ್ತು."

"ಲೆವೆಲ್ ಪೆಟ್ಟಿಗೆಯೊಳಗಿದೆ."

"ಅದೂ ಗೊತ್ತು," ಎಂದ ಮಾದೇಶ. ಕೊಡೆ ಮಡಿಸಲಿಲ್ಲ.