ನನ್ನ ಉತ್ತರ ನಾನೇ ಹೇಳ್ತೀನಿ

“ನನ್ನ ಉತ್ತರ ಕಸಗೊಳ್ಳಾಕ ನೀ ಯಾರು?”

ಕೊಟ್ಟೂರಿನ ಪಿ.ಜಿ. ಕಾಲೇಜಿನ ವರಾಂಡದಲ್ಲಿ ಕ್ರಾಂತಿ ಅರುಣಕುಮಾರನಿಗೆ ಅಡ್ಡ ನಿಂತಿದ್ದಳು. ಎಂ.ಎ. ಇಂಗ್ಲಿಷ್ ಸೇರಿದ ಮೊದಲ ವಾರ. ಅವನ ಜೊತೆ ಅವಳಾಡಿದ ಮೊದಲ ಮಾತೇ ಇದು!

ಅರುಣ ಕಕ್ಕಾಬಿಕ್ಕಿಯಾದ. “ನೀ ತಡವರಿಸ್ತಿದ್ದಿ... ಹೆಲ್ಪ್ ಮಾಡಾಣ ಅಂತ...”

“ನಾ ಕೇಳಿದ್ನೇನು?”

ಸ್ವಲ್ಪ ಮುಂಚೆ ಗಂಗಾಧರ್ ಸರ್ ಪಾಠ ಮಾಡುತ್ತಿದ್ದ ಕವಿತೆಯಲ್ಲಿ, ಯುದ್ಧದಿಂದ ಮರಳದ ಮಗನ ತಟ್ಟೆಯನ್ನು ತಾಯಿಯೊಬ್ಬಳು ದಿನಾ ತೊಳೆಯುತ್ತಾಳೆ. ಯಾಕೆ ಎಂದು ಸರ್ ಕ್ರಾಂತಿಯನ್ನೇ ಕೇಳಿದ್ದರು. ಅವಳಿಗೆ ಗೊತ್ತಿತ್ತು! ತಟ್ಟೆ ಎತ್ತಿಟ್ಟರೆ ಅವನಿನ್ನು ಬರುವುದಿಲ್ಲ ಎಂದು ಒಪ್ಪಿಕೊಂಡಂತೆ... ಎದೆಯಲ್ಲಿ ಎಲ್ಲವೂ ಇತ್ತು, ಬಾಯಿಗೆ ಇಂಗ್ಲಿಷ್ ಬರಲಿಲ್ಲ. ಯಾರೋ ಕಿಸಕ್ಕೆಂದರು. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಅರುಣ ಅದನ್ನೇ ಸರಾಗವಾಗಿ ಹೇಳಿಬಿಟ್ಟ.

‘ವೆರಿ ಗುಡ್’ ಸಿಕ್ಕಿದ್ದು ಅವನಿಗೆ.

ಅವನು ಹರಪನಹಳ್ಳಿಯ ಬಟ್ಟೆ ವ್ಯಾಪಾರಿ ಗುರುಸಂಗಪ್ಪನ ಮಗ. ಓದಿದ್ದೆಲ್ಲ ದಾವಣಗೆರೆಯಲ್ಲಿ, ಇಂಗ್ಲಿಷ್ ಮೀಡಿಯಂ. ಅವಳು ತಂಬ್ರಹಳ್ಳಿಯ ಸರ್ಕಾರಿ ಶಾಲೆಯ ಹುಡುಗಿ, ಅಂಗನವಾಡಿಯ ಮಾರೆಮ್ಮನ ಮಗಳು. ಅವರ ಕೇರಿಯಿಂದ ಎಂ.ಎ.ವರೆಗೆ ಬಂದ ಮೊದಲಿಗಳು.

ಮರುದಿನ ಅರುಣ ಬಂದು “ಸಾರಿ” ಎಂದ. ನಿಧಾನಕ್ಕೆ ಇಬ್ಬರೂ ಲೈಬ್ರರಿಯಲ್ಲಿ ಜೊತೆ ಕೂತು ಓದತೊಡಗಿದರು. ಅವನು ವಾಕ್ಯ ತಿದ್ದುತ್ತಿದ್ದ. ಆ ವಾಕ್ಯದೊಳಗಿನ ನೋವನ್ನು ಅವಳು ಬಿಡಿಸಿ ಹೇಳುತ್ತಿದ್ದಳು. ಅವನು ಬಾರದ ದಿನ ಕಾಲೇಜೇ ಖಾಲಿ ಎನಿಸುತ್ತಿತ್ತು ಅವಳಿಗೆ...

ಆದರೂ ಆ ಹಾಳು ಇಂಗ್ಲಿಷ್! ಬಸ್ಸಿನಲ್ಲಿ ಮನಸ್ಸಿನಲ್ಲೇ ಜೋಡಿಸಿಟ್ಟ ಮಾತು ಕ್ಲಾಸಿಗೆ ಬರುವಷ್ಟರಲ್ಲಿ ಚೆಲ್ಲಾಪಿಲ್ಲಿ. ‘ಕನ್ನಡದಾಗ ಕೇಳ್ರಿ ನೋಡಾಣ!’ ಎಂದು ಕೂಗಬೇಕೆನಿಸುತ್ತಿತ್ತು.

ಕ್ಲಾಸಿನ ಮುಂದೆ ಸೆಮಿನಾರ್ ಕೊಡಲು ಗಂಗಾಧರ್ ಸರ್ ಅವಳನ್ನು ಆರಿಸಿದ್ದರು. ಒಂದು ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ಅವಳ ಕಾಲುಗಳು ನಿಂತವು. ಒಳಗೆ ಅರುಣನ ದನಿ.

“ಕ್ರಾಂತಿಗೆ ಸೆಮಿನಾರ್ ಬ್ಯಾಡ್ರಿ ಸರ್. ಆಕಿಗೆ ಆಗಂಗಿಲ್ಲ. ನಾ ಮಾಡ್ತೀನಿ.”

ಇವನೂ ಅಷ್ಟೇನಾ? ಇಷ್ಟು ದಿನ ಪಕ್ಕದಲ್ಲಿ ಕೂತು ನನ್ನನ್ನು ಇಷ್ಟೇ ಅಳೆದನಾ?

ಮನೆಗೆ ಬಂದವಳೇ ಬ್ಯಾಗು ಬಿಸಾಕಿದಳು. “ಅವ್ವಾ, ನನಗ ಆಗಂಗಿಲ್ಲಂತ! ನಾ ಎಂ.ಎ. ಬಿಡ್ತೀನಿ.”

ಮಾರೆಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. “ನಿನಗ ಬ್ಯಾಡಾಗಿದ್ರ ಬಿಡು. ಯಾವನೋ ಅಂದ ಅಂತ ಬಿಡಬ್ಯಾಡ.”

ಬೆಳಿಗ್ಗೆ ಕ್ರಾಂತಿ ನೇರ ಗಂಗಾಧರ್ ಸರ್ ಮುಂದೆ ನಿಂತಳು. “ಸೆಮಿನಾರ್ ನಾನೇ ಕೊಡ್ತೀನ್ರಿ.”

ಅರುಣನ ಕಡೆ ತಿರುಗಿಯೂ ನೋಡಲಿಲ್ಲ.

ಸೆಮಿನಾರಿನ ದಿನ ಅರ್ಧಕ್ಕೇ ಮಾತು ನಿಂತಿತು. ಬೇಡವೆಂದರೂ ಕಣ್ಣು ಅರುಣನತ್ತ ಹೋಯಿತು. ಈಗ ಎದ್ದು ಹೇಳಿಬಿಡ್ತಾನೆ...

ಅವನು ತುಟಿ ಕಚ್ಚಿಕೊಂಡು ಕೂತಿದ್ದ. ಏಳಲಿಲ್ಲ.

ಕ್ರಾಂತಿ ಉಸಿರೆಳೆದುಕೊಂಡಳು. ನಿಂತುಹೋದ ಆ ವಾಕ್ಯವನ್ನು ಮೊದಲು ಕನ್ನಡದಲ್ಲೇ ಹೇಳಿದಳು. ಆಮೇಲೆ ಒಂದೊಂದೇ ಪದ ಹುಡುಕಿ ಇಂಗ್ಲಿಷಿನಲ್ಲಿ ಕಟ್ಟಿದಳು. ವ್ಯಾಕರಣ ತಪ್ಪಿತು. ಅವಳು ನಿಲ್ಲಿಸಲಿಲ್ಲ! ಮುಗಿದ ಮೇಲೆ ಸರ್ ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದರು, ಅವಳಿಂದ ತಿಳಿಯಬೇಕಾದ್ದು ಇದೆ ಎಂಬಂತೆ.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಅರುಣ ಓಡೋಡಿ ಬಂದ.

“ಸ್ಟಾಫ್ ರೂಮಿನಾಗ ನಾ ಅಂದದ್ದು...”

“ಕೇಳೀನಿ.”

“ಮತ್ತ ಯಾರರ ನಕ್ರ ನಿನಗ ನೋವಾಕ್ಕತಿ ಅಂತ ಹಂಗಂದೆ. ನಿನ್ನ ಕೇಳಬೇಕಿತ್ತು. ತಪ್ಪಾತು, ಕ್ರಾಂತಿ.”

“ಕನಿಕರ ಏನು ನನ್ನ ಮ್ಯಾಲೆ?”

“ಅಲ್ಲ!”

“ಮತ್ತೇನು?”

ಅವನು ತಲೆ ತಗ್ಗಿಸಿದ. “ಪ್ರೀತಿ.”

ಅವಳಿಗೆ ಸಿಟ್ಟು, ಅಳು, ನಗು... ಯಾವುದು ಮೊದಲು ಬಂತೋ!

“ಪ್ರೀತಿ ನನಗೂ ಐತಿ. ಆದ್ರ ನಿಮ್ಮ ಮನ್ಯಾಗ ನನ್ನ ಹೆಸರು ಹೇಳ್ತಿಯೇನು? ನಮ್ಮ ಕೇರಿ ಯಾವುದು ಅಂತ ಹೇಳ್ತಿಯೇನು?”

“ಹೇಳ್ತೀನಿ. ಅಪ್ಪ ಕೂಡ್ಲೇ ಒಪ್ಪಂಗಿಲ್ಲ. ಹೆದರಿಕಿ ಐತಿ... ಆದ್ರೂ ಹೇಳ್ತೀನಿ.”

“ಹೆದರಿಕಿ ನನಗೂ ಐತಿ” ಎಂದಳು ಮೆಲ್ಲಗೆ.

ಹಗರಿಬೊಮ್ಮನಹಳ್ಳಿ ಬಸ್ಸು ಬಂತು. ಕ್ರಾಂತಿ ಹತ್ತಿ ಕಿಟಕಿ ಕಡೆ ಸರಿದಳು. ಕೆಳಗೇ ನಿಂತಿದ್ದ ಅವನಿಗೆ ಪಕ್ಕದ ಸೀಟು ತೋರಿಸಿದಳು.

“ಬಾ. ಮೊದಲು ನಮ್ಮವ್ವನ್ನ ನೋಡುವಂತಿ.”

“ಈಗ್ಲೇ? ಏನಂತಾರ ಅವರು?”

“ಬೈತಾಳ. ಆಮ್ಯಾಲೆ ಉಣ್ಣಾಕ ಹಾಕ್ತಾಳ.”

ಅರುಣ ಬಸ್ಸು ಹತ್ತಿದ.