ಹನ್ನೆರಡನೆಯ ದಿನದ ಕಾರ್ಡು

ಇವನಿಗೆ ಗೊತ್ತಾಗಿದೆಯೇ?

ಗೊತ್ತಾಗಿದ್ದರೆ ನನ್ನ ಕಿವಿಯೊಳಗೆ ಇಷ್ಟು ಮೆತ್ತಗೆ ಕೈಯಾಡಿಸುತ್ತಿದ್ದನೇ? ಅಥವಾ... ಗೊತ್ತಾಗಿರುವುದಕ್ಕೇ ಇಷ್ಟು ಮೆತ್ತಗೋ?

ಕಿವಿಯೊಳಗೆ ಉಕ್ಕಿನ ಕಡ್ಡಿ. ಅದರ ಇನ್ನೊಂದು ತುದಿ ಡಾಕ್ಟರ್ ಷಡಕ್ಷರಿಯ ಬೆರಳಲ್ಲಿ. ಅರ್ಧ ಇಂಚು ತಳ್ಳಿದರೆ ಸಾಕು. ರೋಗಿ ಅಲುಗಾಡಿಬಿಟ್ಟ ಅಂದರೆ ಮುಗಿಯಿತು.

ನಾನು ಅಲುಗಾಡಲಿಲ್ಲ.

"ಸೋರುತ್ತೆ ಅಂದೆಯಲ್ಲ ಚೌಡಯ್ಯ? ಒಳಗೆಲ್ಲ ಒಣಗೇ ಇದೆ."

"ಅದೇನೋ ನೋಯ್ತದೆ ಸಾ."

ಕಡ್ಡಿ ಒಂದು ಕ್ಷಣ ನಿಂತಿತು. ಆಮೇಲೆ ಹೊರಗೆ ಬಂತು. ಅವನು ಎರಡೂ ಕಿವಿಗೆ ಹತ್ತಿ ತುರುಕಿ, ಅಲುಗಾಡದೆ ಕೂತಿರು ಎಂದು ಸನ್ನೆ ಮಾಡಿ ಪಕ್ಕದ ಕೋಣೆಗೆ ಹೋದ.

ನಾನು ಯಾರು ಅಂತೀರಾ? ಕೊಳ್ಳೇಗಾಲದಲ್ಲಿ ಕೆಲಸ ಮಾಡಿಸಿಕೊಡುವವನು. ತಾಲ್ಲೂಕು ಕಚೇರಿ, ಕೋರ್ಟು, ಪೊಲೀಸ್ ಸ್ಟೇಷನ್... ಎಲ್ಲಿ ಬಾಗಿಲು ತೆರೆಯದೋ ಅಲ್ಲಿಗೆ ನಾನು. ಈ ಡಾಕ್ಟರಿಗೂ ಹಿಂದೆ ಒಂದು ಕೆಲಸ ಮಾಡಿಸಿಕೊಟ್ಟಿದ್ದೆ.

ಅದು ಅರವತ್ತಾರರಲ್ಲಿ. ಸೋರುವ ಕಿವಿಗೆ ಹೊಸ ಔಷಧಿಯ ಸಂಶೋಧನೆ ಎಂದು ಬಂದಿದ್ದ. ನಮ್ಮ ನೇಕಾರರ ಬೀದಿಯ ನಲವತ್ತಮೂರು ಜನರಿಗೆ ನಲವತ್ತು ದಿನ ಕಿವಿಗೆ ಹನಿ ಹಾಕಿದ. ಸೋರುವುದು ನಿಂತಿತು. ಏಳು ಜನಕ್ಕೆ ಲೋಕದ ಸದ್ದೂ ನಿಂತಿತು. ಅವರಲ್ಲೊಬ್ಬಳು ನನ್ನ ಅಕ್ಕ ರಂಗಮ್ಮ. ಆಮೇಲೆ ಇವನು ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ: ಯಾರ ಕಿವಿಗೂ ಕೇಡಾಗಿಲ್ಲ.

ಅದನ್ನು ಓದಿದ ದಿನವೇ ನಾನು ಹೆಸರು ಹಾಕದೆ ಸರ್ಕಾರಕ್ಕೆ ಅರ್ಜಿ ಬರೆದೆ. ಈಗ, ನಾಳೆಯೇ ವಿಚಾರಣೆಗೆ ಅಧಿಕಾರಿ ಬರುವವರಿದ್ದರು. ನನಗೆ ಬೇಕಾದದ್ದು ಒಂದೇ. ಯಾರ ಕಿವಿ ಹೇಗಿದೆ ಎಂದು ದಿನದಿನವೂ ಅವನು ಕೈಯಾರೆ ಬರೆದಿಟ್ಟ ಆ ನಲವತ್ತಮೂರು ಕಾರ್ಡು. ಅದಕ್ಕೇ ಅಕ್ಕನನ್ನೂ ಕರೆದುಕೊಂಡು ಕಿವಿನೋವಿನ ನೆಪದಲ್ಲಿ ಬಂದಿದ್ದೆ.

ಬಾಗಿಲ ಬಳಿ ಬೆಂಚಿನ ಮೇಲೆ ಅಕ್ಕ ಕೂತಿದ್ದಳು. ಪಕ್ಕದ ಕೋಣೆಯಲ್ಲಿ ಡಾಕ್ಟರು ಕಾಂಪೌಂಡರ್ ಪುಟ್ಟಸಿದ್ದಯ್ಯನೊಂದಿಗೆ ಪಿಸುಗುಟ್ಟುತ್ತಿದ್ದ. ಅವಳ ಎದುರಿಗೇ. ನನ್ನ ಕಿವಿಗೆ ಹತ್ತಿ, ಅವಳ ಕಿವಿಗೆ ಅವನದೇ ಔಷಧಿ. ಇನ್ನೇನು ಭಯ?

ಅವನೊಬ್ಬ ದೊಡ್ಡ ಡಾಕ್ಟರು. ಆದರೆ ಮಗ್ಗದ ಮನೆಯಲ್ಲಿ ಒಂದು ದಿನವೂ ಕೂತವನಲ್ಲ. ಹತ್ತು ಮಗ್ಗ ಒಟ್ಟಿಗೆ ಬಡಿಯುವಾಗ ಅಲ್ಲಿ ಯಾರ ಮಾತು ಯಾರಿಗೆ ಕೇಳಿಸುತ್ತದೆ? ಸಾರಿಗೆ ಉಪ್ಪು ಹಾಕಿದೆಯಾ ಎಂಬುದರಿಂದ ಹಿಡಿದು ಅತ್ತೆಯನ್ನು ಬೈಯುವವರೆಗೆ ನಮ್ಮವರು ಎಲ್ಲವನ್ನೂ ತುಟಿಯಲ್ಲೇ ಆಡುತ್ತಾರೆ, ಕಣ್ಣಲ್ಲೇ ಕೇಳುತ್ತಾರೆ. ಕಿವಿ ಹೋಗುವ ಮೊದಲೇ ಅಕ್ಕನಿಗೆ ಅದು ಕರಗತ.

ಅವಳು ನನ್ನತ್ತ ತಿರುಗಿದಳು. ಸದ್ದಿಲ್ಲದೆ ತುಟಿ ಆಡಿಸಿದಳು.

"ಕಾರ್ಡ್ನೆಲ್ಲ ಜೀಪಿನ ಸೀಟಿನಡೀಕೆ ಮಡಗವ್ರೆ. ಹನೂರಾಚೆ ಹೂಗ್ಯಂ ಕ್ಯಾಂಪ್‌ಗೆ ಓಗಿ ಸುಟ್ಟಾಕ್ತಾರಂತೆ."

ಇನ್ನೇನು ಅಂದ ಎಂದೆ.

"ನನ್ನ ತೋರ್ಸಿ, ಇದು ಗೋಡೆ ಇದ್ದಂಗೆ, ಎದುರ್ಕೋಬ್ಯಾಡ ಅಂದ."

ಅಲ್ಲಿಯವರೆಗೆ ನನಗೆ ಕಾರ್ಡು ಸಾಕಿತ್ತು. ಈಗ ಅವನೇ ಬೇಕಾದ.

ಹತ್ತಿ ಕಿತ್ತೆಸೆದು ಹೊರಗೆ ಬರುವಷ್ಟರಲ್ಲಿ ಜೀಪು ಹೊರಟಿತ್ತು. ನಾನು ನನ್ನ ಜಾವಾ ಬೈಕಿನ ಕಿಕ್ಕು ಒದ್ದೆ. ಹನೂರು ದಾಟುವ ಹೊತ್ತಿಗೆ ಅದರ ಧೂಳು ನನ್ನ ಬಾಯಿಗೆ ಬರುತ್ತಿತ್ತು. ಪಕ್ಕಕ್ಕೆ ಹೋದೆ. ಪುಟ್ಟಸಿದ್ದಯ್ಯ ಸ್ಟಿಯರಿಂಗ್ ತಿರುಗಿಸಿದ. ಕಬ್ಬಿಣ ಕಬ್ಬಿಣಕ್ಕೆ ಉಜ್ಜಿತು... ಕಣ್ಣು ಬಿಟ್ಟಾಗ ನಾನು ಲಂಟಾನ ಪೊದೆಯೊಳಗಿದ್ದೆ. ಮೊಣಕೈಯ ಚರ್ಮ ಕಿತ್ತುಹೋಗಿತ್ತು. ಗಾಡಿ ಉಳಿದಿತ್ತು.

ಮುಂದಿನ ಏರಿನಲ್ಲಿ ಜೀಪು ರೇಡಿಯೇಟರ್ ಕುದಿದು ನಿಂತಿತ್ತು. ಪುಟ್ಟಸಿದ್ದಯ್ಯ ಕೈಯಲ್ಲಿ ಜಾಕಿಯ ರಾಡು ಹಿಡಿದು ಎದುರು ಬಂದ.

"ಲೇ ಚೌಡ, ಬಂದ ದಾರೀಲೆ ವಾಪಸ್ ಓಗ್ಬುಡು ಕಣ್ಲಾ."

"ಸೀಟಿನಡಿ ಇರೋದ ತಕಂಡು ಓಯ್ತೀನಿ."

ಅವನು ಬೀಸಿದ. ನಾನು ಬಗ್ಗಿದೆ. ಆಮೇಲೆ ಅವನು ರಸ್ತೆಬದಿಯಲ್ಲಿ ಹೊಟ್ಟೆ ಹಿಡಿದು ಕೂತ.

ಡಾಕ್ಟರು ಜೀಪಿನ ಪಕ್ಕ ನಿಂತು ನೋಡುತ್ತಿದ್ದ. ನಾನು ಸೀಟು ಎತ್ತಿ ಕಟ್ಟು ಬಿಚ್ಚಿದೆ. ಅಕ್ಕನ ಕಾರ್ಡು, ಇಂಗ್ಲಿಷಿನಲ್ಲಿ. ಮೊದಲ ದಿನ: ಎರಡೂ ಕಿವಿ ಚೆನ್ನಾಗಿ ಕೇಳುತ್ತದೆ. ಹನ್ನೆರಡನೆಯ ದಿನ: ಎರಡೂ ಕಿವಿ ಮಂದ. ಅದರ ಕೆಳಗೆ: ಹನಿ ಮುಂದುವರಿಸಿ. ಮತ್ತೆ ಇಪ್ಪತ್ತೆಂಟು ದಿನ!

ಗೊತ್ತಿದ್ದೂ ಹಾಕಿದ್ದ. ಲೆಕ್ಕ ನಲವತ್ತಕ್ಕೆ ತುಂಬಲಿ ಎಂದು.

ನನ್ನ ಕೈ ಅವನ ಕೊರಳಪಟ್ಟಿಗೆ ಹೋಯಿತು. ಅವನು ತಣ್ಣಗೆ ಹೇಳಿದ:

"ಕೊನೇ ಸಾಲೂ ಓದು. ಬಿ.ಎ. ಮಾಡಿದವನಲ್ವಾ?"

ಓದಿದೆ. ಈ ಔಷಧಿಯಿಂದ ಕಿವಿ ಹೋಗಬಹುದೆಂದು ರೋಗಿಗೆ ಕನ್ನಡದಲ್ಲಿ ತಿಳಿಸಿದ್ದೇನೆ. ಕೆಳಗೆ ಸಹಿ.

ನನ್ನದು.

ಓದದೆ ಹಾಕಿದ ಸಹಿಯಲ್ಲ. ಹನಿ ಶುರುವಾಗುವ ಮೊದಲೇ ಟೀ ಅಂಗಡಿಯಲ್ಲಿ ಕೂತು, ಓದಿ, ನಲವತ್ತಮೂರಕ್ಕೂ ಒಟ್ಟಿಗೆ ಹಾಕಿ, ಆಮೇಲೆ ನನಗೆ ನಾನೇ ಮರೆಸಿಕೊಂಡಿದ್ದೆ. ಹೇಳಿದರೆ ಯಾರು ಬರುತ್ತಿದ್ದರು? ಬೀದಿಯವರಿಗೆ ನಾನು ಅಂದಿದ್ದು ಇಷ್ಟೇ: ಒಳ್ಳೇ ಔಷಧಿ, ಬನ್ನಿ.

ಡಾಕ್ಟರು ಬಾನೆಟ್ಟಿನ ಮೇಲೆ ಬೆಂಕಿಪೊಟ್ಟಣ ಇಟ್ಟ. ಒಂದು ಕಡ್ಡಿ ಗೀರಿದರೆ ಇಬ್ಬರೂ ಬದುಕುತ್ತೇವೆ ಅಂದ.

ಬೆಂಕಿಪೊಟ್ಟಣ ತೆಗೆದುಕೊಂಡೆ. ಮೊದಲ ಕಡ್ಡಿ ಮುರಿಯಿತು. ಎರಡನೆಯ ಕಡ್ಡಿಗೆ ಹತ್ತಿತು.

ಬೀಡಿ ಹಚ್ಚಿಕೊಂಡೆ. ಕಾರ್ಡುಗಳನ್ನು ಅಂಗಿಯೊಳಗೆ ಸೇರಿಸಿ ಗಾಡಿ ತಿರುಗಿಸಿದೆ.

ಮಾರನೆಯ ದಿನ ಅಧಿಕಾರಿ ಒಂದೊಂದೇ ಕಾರ್ಡು ಓದಿದರು. ನಡುಹಗಲ ಹೊತ್ತಿಗೆ ಷಡಕ್ಷರಿಯ ಮುಖ ಸುಣ್ಣವಾಗಿತ್ತು. ಹಸಿದವನು ಊಟ ಮಾಡುವ ಹಾಗೆ ನಾನು ಆ ಮುಖವನ್ನೇ ನೋಡಿದೆ.

ಆಮೇಲೆ ಅಧಿಕಾರಿ ನನ್ನ ಕಡೆ ತಿರುಗಿದರು. ಸಹಿ ನಿನ್ನದೇ? ಜನಕ್ಕೆ ಇದನ್ನು ತಿಳಿಸಿದ್ದೆಯಾ?

ಕಿಟಕಿಯ ಆಚೆ ವರಾಂಡದಲ್ಲಿ ಅಕ್ಕ ಕೂತಿದ್ದಳು. ಅವಳ ಕಣ್ಣು ನನ್ನ ತುಟಿಯ ಮೇಲಿತ್ತು.

ನಾನು ಕಿಟಕಿಗೆ ಬೆನ್ನು ತಿರುಗಿಸಿ ನಿಂತೆ. ಏನನ್ನೂ ಉಳಿಸದೆ ಎಲ್ಲ ಹೇಳಿದೆ. ಗುಮಾಸ್ತ ಡಾಕ್ಟರನ ಹೆಸರಿನ ಕೆಳಗೆ ನನ್ನ ಹೆಸರನ್ನೂ ಬರೆದುಕೊಂಡ.

ಹೊರಗೆ ಬಂದಾಗ ಅಕ್ಕ ತುಟಿಯಲ್ಲೇ ಕೇಳಿದಳು, ಏನಂದೆ ಅಂತ.

ಡಾಕ್ಟರು ಮಾಡಿದ್ದನ್ನೆಲ್ಲ ಹೇಳಿದೆ ಅಂದೆ.

ನಾನು ಮಾಡಿದ್ದನ್ನು ಅವಳಿಗೆ ಇವತ್ತಿನವರೆಗೂ ಹೇಳಿಲ್ಲ.